ತಂಬೂರಿ ಕೂಡಿಸುವ ಹೊತ್ತು

೧೯೪೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಇನ್ನೊಂದು ವರ್ಷ ಬಾಕಿ ಇತ್ತು. ಬುದ್ಧಿ ಸಾಲದೆ ಬಿಟ್ಟವನಲ್ಲ. ಅಪ್ಪನ ಬಲಗೈ ಅರಳೆ ಬಿಡಿಸುವ ಜಿನ್ನು ಯಂತ್ರದ ಪಟ್ಟಿಗೆ ಸಿಕ್ಕಿತು, ಆಮೇಲೆ ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ ಉಳಿಯಿತು. ಹುಬ್ಬಳ್ಳಿಯ ವಖಾರಿ, ಗೋದಾಮುಗಳಲ್ಲಿ ಅರಳೆ ಹೊತ್ತೆ, ಹಿಂಜಿದೆ, ಗಾದಿ ಹೊಲಿಯುವುದನ್ನು ಕಲಿತೆ. ಮೀಸೆ ಗಟ್ಟಿಯಾಗುವ ಹೊತ್ತಿಗೆ ಕಮರಿಪೇಟೆಯಲ್ಲಿ ನನ್ನದೇ ಗಾದಿ ಅಂಗಡಿ ಇತ್ತು. ಯಾರ ಮುಂದೂ ಕೈಯೊಡ್ಡಲಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಯಾಕೆಂದರೆ, ನಾನೀಗ ಯಾರ ಬಗ್ಗೆ ಬರೆಯಹೊರಟಿದ್ದೇನೋ ಆ ಮನುಷ್ಯ ನನಗೆ ಪರಿಚಯವಿದ್ದಷ್ಟೂ ಕಾಲ ಒಂದು ಕಡ್ಡಿಯನ್ನೂ ಎತ್ತಿ ಆಚೆಗಿಟ್ಟವರಲ್ಲ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹೆಸರು ಬೇರೆ ಇತ್ತು, ಅದು ಇಲ್ಲಿ ಬೇಡ. ಅಮ್ಮಿನಬಾವಿಯಲ್ಲಿ ಅಣ್ಣತಮ್ಮಂದಿರೊಂದಿಗೆ ಕೂಡಿದ ಹೊಲ ಇತ್ತು. ಉಳುವವರು ಅಣ್ಣ, ಉಣ್ಣುವವರು ಇವರು. ಹಾಡು ಕೇಳುವ ಹುಚ್ಚಿಗೆ ಹುಬ್ಬಳ್ಳಿಗೆ ಬಂದು ನಮ್ಮ ಓಣಿಯಲ್ಲೇ ಒಂದು ಕೋಣೆ ಹಿಡಿದಿದ್ದರು. ಬೇಸಿಗೆಯಲ್ಲೂ ಕೊರಳಿಗೆ ಒಂದು ಉಣ್ಣೆಯ ಮಫ್ಲರು. ಬೆಳಿಗ್ಗೆ ಚಹಾದ ಅಂಗಡಿಯ ಕಟ್ಟೆ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಕಟ್ಟೆ. ನಾನು ಅರಳೆಯ ಧೂಳಿನಲ್ಲಿ ಬೆಳ್ಳಗಾಗಿ ಅಂಗಡಿಯಿಂದ ಹೊರಗೆ ಬಂದರೆ ಕಟ್ಟೆಯ ಮೇಲಿಂದ ಒಂದು ಕೂಗು:

"ಏನೋ ತಮ್ಮಾ, ಇವತ್ತೂ ಹಣ್ಣ ಹಣ್ಣ ಮುದುಕ ಆಗಿ ಬಂದ್ಯಲ್ಲೋ!"

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ಅದೇ ಮಾತನ್ನು ನಾನು ಇನ್ನೊಬ್ಬರಿಗೆ ಅಂದಿದ್ದರೆ ಜಗಳವಾಗುತ್ತಿತ್ತು. ಕಾಕಾ ಅಂದರೆ ಜನ ನಗುತ್ತಿದ್ದರು. ಅನ್ನಿಸಿಕೊಂಡವನಿಗೂ ನಗು ಬರುತ್ತಿತ್ತು ಎಂಬುದೇ ನನ್ನನ್ನು ಹೆಚ್ಚು ಉರಿಸುತ್ತಿತ್ತು.

ಮೊನ್ನೆ ಅಂಗಡಿಯ ಮುಂದೆ ಒಬ್ಬ ಹುಡುಗಿ ಇನ್ನೊಬ್ಬಳಿಗೆ "ಕಾಕಾನ ನಳದ ಹಂತೇಕ ನಿಂದರ್ತೇನಿ, ಲಗೂ ಬಾ" ಎಂದು ಹೇಳುವುದು ಕಿವಿಗೆ ಬಿತ್ತು. ಕಾಕಾ ಯಾರೆಂದು ಆ ಹುಡುಗಿಗೆ ಗೊತ್ತಿರಲಾರದು. ಅವಳು ಹುಟ್ಟುವ ಎಷ್ಟೋ ಮೊದಲೇ ಅವರು ಹೋದರು. ಓಣಿಯ ಕೊನೆಗಿರುವ ಆ ನೀರಿನ ನಳವನ್ನು ಹಾಕಿಸಿದವನು ನಾನು. ಅಂದು ರಾತ್ರಿ ಊಟ ಸೇರಲಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನಮ್ಮ ಓಣಿಯಲ್ಲಿ ಒಂದು ದೊಡ್ಡ ಅರಳೆ ವಖಾರಿ ಇತ್ತು. ಅದರ ಕೆಳಗೆ ಒಂದು ತಳಘರ. ಕಲ್ಲಿನ ಮೆಟ್ಟಿಲಿಳಿದು ಹೋದರೆ ಒಳಗೆ ತಂಪು, ನಾಲ್ಕು ಕಡೆಗೂ ಅರಳೆಯ ಚೀಲಗಳ ಗೋಡೆ. ಅಲ್ಲಿ ಹಾಡಿದರೆ ಓಣಿಗೆ ಒಂದು ಸ್ವರವೂ ಕೇಳುತ್ತಿರಲಿಲ್ಲ. ಧಾರವಾಡದ, ಹುಬ್ಬಳ್ಳಿಯ ದೊಡ್ಡ ಮನೆಗಳಲ್ಲಿ ನಡೆಯುವ ಹಾಡಿನ ಬೈಠಕ್ಕಿಗೆ ನಮ್ಮಂಥವರನ್ನು ಕರೆಯುವ ಪದ್ಧತಿ ಇರಲಿಲ್ಲ. ಗಿರಣಿಯವರು, ಹಮಾಲರು, ದರ್ಜಿಗಳು, ರೇಲ್ವೆ ವರ್ಕಶಾಪಿನವರು ಹಾಡು ಕೇಳಬೇಕೆಂದರೆ ದೊಡ್ಡ ಮನೆಯ ಕಿಟಕಿಯ ಹೊರಗೆ ನಿಲ್ಲಬೇಕಿತ್ತು. ಹಾಗಾಗಿ ಐವತ್ತರ ದಶಕದ ಕೊನೆಯ ಹೊತ್ತಿಗೆ ಈ ತಳಘರದ ಬೈಠಕ್ಕು ಸುರುವಾಯಿತು. ವಾರದ ಸೂಟಿಯ ದಿನ ಮಧ್ಯಾಹ್ನ, ಗುಟ್ಟಾಗಿ. ಗುಟ್ಟು ಯಾಕೆಂದರೆ ವಖಾರಿಯ ಮಾಲಕರಿಗೆ ಇದು ಗೊತ್ತಿರಲಿಲ್ಲ. ಕೀಲಿ ಇದ್ದದ್ದು ಲೆಕ್ಕ ಬರೆಯುವ ಮುನೀಮರ ಕೈಯಲ್ಲಿ. ಆ ಮುದುಕರಿಗೆ ಹಾಡಿನ ಹುಚ್ಚು, ಮಾಲಕರ ಅಂಜಿಕೆ, ಎರಡೂ ಸಮ ಇದ್ದವು. ಅವರ ಕರಾರು ಎರಡೇ. ಒಂದು, ಬೀಡಿ, ಕಡ್ಡಿಪೆಟ್ಟಿಗೆ ಮೆಟ್ಟಿಲ ಮೇಲೇ ಬಿಡಬೇಕು, ಒಳಗೆ ಅರಳೆ ಇದೆ. ಎರಡು, ಒಳಗೆ ರಾಜಕಾರಣ ಇಲ್ಲ.

"ಓಟು ಕೇಳಿದಾಂವಗ ಮರುದಿನಾ ಕದಾ ತೆರಿಯೂದಿಲ್ಲ. ಬೆಂಕಿ ಅರಳಿಗೆ ಹತ್ತಿದ್ರೂ ಅಷ್ಟ, ಮಾತಿಗೆ ಹತ್ತಿದ್ರೂ ಅಷ್ಟ," ಎನ್ನುತ್ತಿದ್ದರು ಮುನೀಮರು.

ಆ ಬೈಠಕ್ಕಿನ ಕೆಲಸವೆಲ್ಲ ನನ್ನದು. ನೆಲ ಗುಡಿಸುವುದು, ಜಮಖಾನೆ ಹಾಸುವುದು, ಹಾಡುವವರಿಗೆ ಗಾದಿ, ಬೆನ್ನಿಗೆ ಲೋಡು, ಅದಕ್ಕೆ ಆಗಷ್ಟೇ ಮಡಿ ಮಾಡಿದ ಬಿಳಿ ಅರಿವೆ. ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ಕೂತು ಬಂದವರ ಕಡ್ಡಿಪೆಟ್ಟಿಗೆ ಇಸಿದುಕೊಳ್ಳುವವನೂ ನಾನೇ. ಧಾರವಾಡದಿಂದ ಬರುತ್ತಿದ್ದ ಹಾಡುಗಾರರೊಬ್ಬರು ನನ್ನ ಗಾದಿಯ ಮೇಲೆ ಕೂತು, "ಇಂಥಾ ಗಾದಿ ಸಿಕ್ಕರ ಷಡ್ಜ ತಾನಽ ಬರತದ್ರಿ" ಎಂದಿದ್ದರು. ಕಾಕಾ ಮಾತ್ರ ನನ್ನ ಗಾದಿಯ ಮೇಲೆ ಎಂದೂ ಕೂರಲಿಲ್ಲ. ತಬಲಾದವನ ಹಿಂದೆ ಒಂದು ಕಂಬ, ಕಂಬಕ್ಕೆ ಬೆನ್ನು, ಬರಿ ನೆಲ. ಒಮ್ಮೆ ನಾನೇ ಒಂದು ಸಣ್ಣ ಗಾದಿ ಒಯ್ದು ಹಾಸಿದೆ.

"ಬ್ಯಾಡೋ ತಮ್ಮಾ," ಎಂದರು. "ನಿನ್ನ ಗಾದಿ ಭಾಳ ಛಲೋ ಅದಾವ. ಕುಂತ್ರ ನಿದ್ದಿ ಬರ್ತೈತಿ."

ಸುತ್ತಲಿದ್ದವರಿಗೆ ಮತ್ತೆ ನಗು. ಹೊಗಳಿದರೋ ತೆಗಳಿದರೋ ಇಂದಿಗೂ ತಿಳಿದಿಲ್ಲ.

ಅವರ ಹಾಡು ಕೇಳುವ ರೀತಿ ಹೇಳಬೇಕು. ಹಾಡು ನಡೆದಾಗ ಅವರು ಕಲ್ಲು. ತಲೆ ತೂಗುವುದಿಲ್ಲ, ತೊಡೆ ತಟ್ಟುವುದಿಲ್ಲ. ಇಡೀ ಬೈಠಕ್ಕಿಗೆ ಒಂದೇ ಒಂದು "ವಾಹ್" ಎನ್ನುತ್ತಿದ್ದರು. ಅದು ಬಂದದ್ದೇ ಹಾಡುಗಾರರು ಕಣ್ಣು ತೆರೆದು ಯಾರು ಅಂದರೆಂದು ಹುಡುಕುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು, ಎಲ್ಲ ಹೊಂದಿಸಿ, ಪ್ರತಿ ತಾನಕ್ಕೂ ವಾಹ್ ವಾಹ್ ಎಂದ ನನ್ನ ಕಡೆ ಅವರ್ಯಾರೂ ತಿರುಗಿದ್ದಿಲ್ಲ.

ಇನ್ನು ಅವರ ಮಾತು. ಹಾಡು ನಡೆದಾಗ ತುಟಿ ಪಿಟ್ಟೆನ್ನದವರು ತಂಬೂರಿ ಕೂಡಿಸುವಾಗ ಬಾಯಿ ತೆರೆಯುತ್ತಿದ್ದರು. ತಂಬೂರಿಯ ತಂತಿ ಬಿಗಿಯುತ್ತಾರೆ, ಸಡಿಲಿಸುತ್ತಾರೆ; ತಬಲಾದವನು ಸುತ್ತಿಗೆಯಿಂದ ಟಕ್ ಟಕ್ ಎನ್ನಿಸುತ್ತಾನೆ. ಆ ಹೊತ್ತಿಗೆ ಕೇಳುವವರಿಗೆ ಕೆಲಸವಿಲ್ಲ. ಕೆಮ್ಮುತ್ತಾರೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಪಿಸುಗುಡುತ್ತಾರೆ. ಕಾಕಾ ಆಗ ಒಂದು ಕಥೆ ತೆಗೆಯುತ್ತಿದ್ದರು. ದನಿ ಎತ್ತರಿಸುತ್ತಿರಲಿಲ್ಲ, ಕಂಬದ ಸುತ್ತಲಿದ್ದ ನಾಲ್ಕು ಮಂದಿಗೆ ಕೇಳುವಷ್ಟು. ಕಥೆ ರಂಗೇರುವ ಹೊತ್ತಿಗೆ ಶ್ರುತಿ ಕೂಡುತ್ತಿತ್ತು. ಕೂಡಿದ್ದು ಹಾಡುಗಾರರಿಗಿಂತ ಒಂದು ಗಳಿಗೆ ಮೊದಲು ಅವರಿಗೇ ಗೊತ್ತಾಗುತ್ತಿತ್ತೇನೋ. ತೋರುಬೆರಳು ಮೇಲಕ್ಕೆತ್ತಿ, ಅರ್ಧ ಶಬ್ದದಲ್ಲೇ ನಿಲ್ಲಿಸಿಬಿಡುತ್ತಿದ್ದರು. ಮುಗಿಯಿತು. ಇನ್ನು ಮುಂದಿನ ಸಲ ತಬಲಾದ ಶ್ರುತಿ ಇಳಿದು ಸುತ್ತಿಗೆ ಹೊರಗೆ ಬರುವತನಕ ಆ ಕಥೆ ಅಲ್ಲೇ ತೂಗುತ್ತಿರಬೇಕು. ಸುತ್ತಿಗೆ ಸದ್ದಾದದ್ದೇ ನಾಲ್ಕು ಮಂದಿ ಹತ್ತು ಮಂದಿಯಾಗಿ ಕಂಬದ ಕಡೆ ಸರಿಯುತ್ತಿದ್ದರು: "ಮುಂದ ಏನಾತ್ರಿ ಕಾಕಾ?"

ತಬಲಾದವನು ಒಮ್ಮೆ, "ನಿಮ್ಮ ಕಥಿ ಮುಗೀಲಿ ಅಂತ ನಾ ಎಷ್ಟ ಸಲ ಬಡೀಬೇಕ್ರೀ?" ಎಂದು ಕೇಳಿದ್ದ.

ಅರವತ್ತರ ದಶಕ ಸುರುವಾದ ಮೇಲೆ ಓಣಿಯ ನಾಲ್ಕು ಮಂದಿ ಅಂಗಡಿಕಾರರು ಬಂದು ನನ್ನನ್ನು ನಗರಸಭೆಯ ಚುನಾವಣೆಗೆ ನಿಲ್ಲು ಎಂದರು. ನಮ್ಮ ಓಣಿಗೆ ನಳ ಇರಲಿಲ್ಲ. ಹೆಣ್ಣುಮಕ್ಕಳು ಕೊಡ ಹೊತ್ತು ಮೂರು ಓಣಿ ದಾಟಬೇಕು. ಎದುರಿಗೆ ನಿಂತವನು ಕಾಳಿನ ವ್ಯಾಪಾರಿಯ ಅಳಿಯ. ಮೋಟಾರು, ಮೈಕು, ಬಿ.ಎ. ಎಲ್ಲ ಇದ್ದವು. ನನಗೆ ಏಣಿಯ ಗುರುತು ಸಿಕ್ಕಿತು. ಮನೆ ಮನೆಗೆ ಹೋದೆ. "ನಾನು ದುಡಿದು ಮೇಲೆ ಬಂದವ" ಎಂದೆ. ಜನ ಹೂಂ ಎಂದರು. ಹೂಂ ಅನ್ನುವುದಕ್ಕೂ ಓಟು ಹಾಕುವುದಕ್ಕೂ ಎಷ್ಟು ದೂರ ಎಂಬುದು ಚುನಾವಣೆಗೆ ನಿಂತವರಿಗೆ ಮಾತ್ರ ಗೊತ್ತು. ನನ್ನ ಓಟುಗಳೆಲ್ಲ ಕೂಡಿ ಕೂರುವ ಜಾಗ ಆ ತಳಘರ. ಅಲ್ಲಿ ಓಟು ಕೇಳುವಂತಿಲ್ಲ.

ಆ ವಾರದ ಬೈಠಕ್ಕಿನಲ್ಲಿ ತಂಬೂರಿ ಕೂಡಿಸಲು ಹತ್ತಿದರು. ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ಕೂತಿದ್ದ ನನಗೆ ಕಾಕಾನ ದನಿ ಕೇಳಿತು:

"ಈ ನಮ್ಮ ಗಾದಿಯಾಂವ ಅದಾನಲ್ಲ, ಇಂವಾ ಒಮ್ಮೆ ದೊಡ್ಡ ಸಾವಕಾರನ ಮಗಳ ಮದುವಿಗೆ ಗಾದಿ ಹೊಲದಿದ್ದ. ಹೊತಗೊಂಡ ಹೋಗಿ ಅವರ ಬಾಗಲಾಗ ಇಳಿಸಿದ. ಇಳಿಸಿ ಒಮ್ಮೆ ಹಿಂಗ ಕೈ ಆಡಿಸಿದ ನೋಡ್ರಿ. ಆಡಿಸಿದಾಂವನ ಮಾರಿ ಕರ್ರಗಾತು. ಸೊಂಟದಾಗಿನ ಕತ್ತರಿ ಹಿರದ, ಮಂದಿ ಹಾಂ ಹಾಂ ಅನ್ನೂದ್ರಾಗ..."

ಬೆರಳು ಮೇಲೆ. ಹಾಡು ಸುರು.

ಆ ಕಥೆ ಖರೇ ನಡೆದದ್ದು. ನನ್ನ ಆಳು ಹೊಸ ಅರಳೆಯ ನಡುವೆ ಕಸದ ಅರಳೆ ತುಂಬಿದ್ದ. ಸಾವಕಾರರ ಬಾಗಿಲಲ್ಲೇ ಗಾದಿ ಹರಿದು, ಅದೇ ದಿನ ಹೊಸದಾಗಿ ತುಂಬಿ ಕೊಟ್ಟೆ. ನಾನೇ ಇದನ್ನು ಎಷ್ಟೋ ಮಂದಿಗೆ ಹೇಳಿದ್ದೆ. ಕೇಳಿ ಆಕಳಿಸಿದವರೇ ಹೆಚ್ಚು. ಈಗ ಅದೇ ಮಂದಿ ನಿಧಾನ ಲಯದ ಬಡಾ ಖ್ಯಾಲು ಮುಗಿಯುವತನಕ ತಿರುತಿರುಗಿ ನನ್ನ ಮಾರಿ ನೋಡುತ್ತಿದ್ದರು, ಕತ್ತರಿ ಏನು ಮಾಡಿತು ಎಂದು. ತಬಲಾ ಇಳಿಯಿತು. ಕಂಬದ ಸುತ್ತ ಜಾಗವೇ ಇರಲಿಲ್ಲ. ಮುನೀಮರೂ ಅಲ್ಲಿಗೇ ಸರಿದಿದ್ದರು.

"ಕಾಕಾ, ಇದು ರಾಜಕಾರಣ ಅಲ್ಲ ಹೌದಲ್ಲೋ?"

"ಗಾದಿ ಕಥಿರಿ ಮುನೀಮರ. ಗಾದಿ ಒಳಗಿಂದು ಅರಳಿ. ಅರಳಿ ನಿಮ್ಮ ಧಂದೆನಽ ಅಲ್ಲೇನು?"

"ಹಂಗಾರ ಹೇಳು. ಮುಂದ?"

ಚುನಾವಣೆ ಬರುವತನಕ ಪ್ರತಿ ಬೈಠಕ್ಕಿನಲ್ಲೂ ಹೀಗೆ ನನ್ನ ಬಾಳಿನ ಒಂದೊಂದು ಚೂರು ಆ ಕಂಬದ ಕೆಳಗೆ ಬಿಚ್ಚಿಕೊಂಡಿತು. ಏಣಿ ಎಂದಾಗಲಿ ಓಟು ಎಂದಾಗಲಿ ಅವರ ಬಾಯಿಂದ ಬರಲಿಲ್ಲ. ಉಳಿದ ಅರ್ಧ ಕಥೆ ತಿಳಿಯಲು ಜನ ನನ್ನ ಅಂಗಡಿಗೇ ಬರತೊಡಗಿದರು. "ಕತ್ತರಿ ಇದಽ ಏನ್ರಿ?" ಎಂದು ಮುಟ್ಟಿ ನೋಡಿದವರಿದ್ದಾರೆ.

ಗೆದ್ದೆ. ಓಣಿ ತುಂಬ ಗುಲಾಲು. ಕೊರಳಿಗೆ ಹಾರ ಬಿದ್ದದ್ದು ನನಗೆ. ಆದರೆ ಹಾರ ಹಾಕಿದ ಗಿರಣಿಯ ಹುಡುಗರು ಆಮೇಲೆ ಕಟ್ಟೆಯ ಕಡೆಗೆ ಓಡಿ, "ಗೆದ್ವಿ ಕಾಕಾ! ಗೆದ್ವಿ!" ಎಂದು ಅವರನ್ನು ಹೆಗಲ ಮೇಲೆ ಹೊತ್ತುಕೊಂಡರು. ಅವರು ಮಫ್ಲರು ಸರಿಮಾಡಿಕೊಳ್ಳುತ್ತ, "ಇಳಸ್ರೋ, ಚಹಾ ಆರ್ತೈತಿ" ಎಂದರು. ಹಾರದೊಳಗಿನಿಂದ ನಾನು ನೋಡುತ್ತ ನಿಂತಿದ್ದೆ.

ನಳದ ಸಲುವಾಗಿ ನಾನು ತಿರುಗಿದ್ದು ನನಗೆ ಗೊತ್ತು, ನನ್ನ ಚಪ್ಪಲಿಗೆ ಗೊತ್ತು. ಅಂಗಡಿಯನ್ನು ಹೆಂಡತಿಯ ಕೈಗೆ ಬಿಟ್ಟು ಕಚೇರಿಯ ಬಾಗಿಲು ಕಾದೆ. ಇಂಗ್ಲಿಷಿನಲ್ಲಿ ಬೈಸಿಕೊಂಡೆ, ಕನ್ನಡದಲ್ಲಿ ಉತ್ತರ ಕೊಟ್ಟೆ. ಕಡೆಗೆ ಕೊಳವೆ ಬಂತು, ನಳ ನಿಂತಿತು, ನೀರು ಬಿತ್ತು. ಮೊದಲ ಕೊಡ ತುಂಬಿದ ಮುದುಕಿ ನೀರು ಕಣ್ಣಿಗೊತ್ತಿಕೊಂಡು ಎಂದಳು:

"ಕಾಕಾನ ಪುಣ್ಯಾ. ಅಂವಾ ಹೇಳಿದ್ದಕ್ಕ ನಾವು ಓಟು ಹಾಕಿದ್ವಿ, ಅದಕ್ಕ ನಳಾ ಬಂತು."

ನಾನು ಅಲ್ಲೇ ಇದ್ದೆ. ಕೊಳವೆಯ ಮಣ್ಣು ಇನ್ನೂ ನನ್ನ ಕೈಯಲ್ಲಿತ್ತು. ಅಂದಿನಿಂದ ಅದು ಕಾಕಾನ ನಳ.

ಒಬ್ಬ ಮನುಷ್ಯ ನಿಮಗೆ ಕೆಟ್ಟದ್ದು ಮಾಡಿದರೆ ಸಿಟ್ಟಿಗೆ ಒಂದು ನೆಲೆ ಇರುತ್ತದೆ. ಒಳ್ಳೆಯದು ಮಾಡಿ, ಅದನ್ನು ತನ್ನದೆಂದು ಒಮ್ಮೆಯೂ ಹೇಳಿಕೊಳ್ಳದೆ, ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತವನ ಮೇಲೆ ಬರುವ ಹೊಟ್ಟೆಕಿಚ್ಚನ್ನು ಎಲ್ಲಿಡಬೇಕು? ನನಗೆ ಬೇಕಿದ್ದದ್ದು ಒಂದೇ. ನನ್ನ ಹೆಸರಿನ ಮೇಲೆ, ನನ್ನ ಬಾಯಿಂದ, ನನ್ನ ಓಣಿಯವರ ಓಟು ತೆಗೆದುಕೊಂಡು ಗೆಲ್ಲಬೇಕು. ಎರಡನೆಯ ಚುನಾವಣೆ ಬಂದಾಗ ನೇರ ಅವರ ಕೋಣೆಗೆ ಹೋದೆ.

"ಕಾಕಾ, ಈ ಸಲ ನೀವು ನನ್ನ ಸಲುವಾಗಿ ಏನೂ ಹೇಳಬ್ಯಾಡ್ರಿ."

ಅವರು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ತಲೆ ಎತ್ತಿದರು. "ಖರೇ?"

"ಖರೇ. ನನ್ನ ಕಥಿ ನಾನಽ ಹೇಳ್ಕೋತೇನಿ."

"ಆತು ತಮ್ಮಾ. ಸುಮ್ನಿರ್ತೇನಿ."

ಯಾಕೆ ಎಂದು ಕೇಳಲಿಲ್ಲ. ಮಾರಿ ಸಣ್ಣಗಾಗಲಿಲ್ಲ. ಮತ್ತೆ ಉಗುರು ಕತ್ತರಿಸತೊಡಗಿದರು. ಕೇಳಿದ್ದರೆ, ಒಂದಿಷ್ಟು ನೊಂದುಕೊಂಡಿದ್ದರೆ, ನನಗೆ ಹಗುರವಾಗುತ್ತಿತ್ತು.

ಮಾತಿನಂತೆ ಸುಮ್ಮನಿದ್ದರು. ಬೈಠಕ್ಕಿನಲ್ಲಿ ಸುತ್ತಿಗೆ ಸದ್ದಾದದ್ದೇ ಮಂದಿ ಕಂಬದ ಕಡೆ ಸರಿದರು. "ಈ ಸಲ ಗಾದಿಯವ್ರ ಕಥಿ ಇಲ್ಲೇನ್ರಿ ಕಾಕಾ?" ಕಾಕಾ ಬಾಯಿಯ ಮೇಲೆ ಕೈ ಇಟ್ಟು ಮೇಲಿನ ತೊಲೆ ನೋಡಿದರು. ಮುಂದಿನ ಬೈಠಕ್ಕಿನಲ್ಲೂ ಅದೇ ಕೈ, ಅದೇ ತೊಲೆ. ಬುಟ್ಟಿಯಿಂದ ಕಡ್ಡಿಪೆಟ್ಟಿಗೆ ಎತ್ತಿಕೊಳ್ಳುತ್ತ ಒಬ್ಬ ದರ್ಜಿ ಇನ್ನೊಬ್ಬನಿಗೆ ನನ್ನ ಕಿವಿಯ ಹತ್ತಿರವೇ ಅಂದ: "ಕಾಕಾ ಏನೂ ಹೇಳವಲ್ರು. ಅಂದಮ್ಯಾಲೆ ಇವನ ಕಡೆ ಏನೋ ಹುಳುಕ ಇರಬೇಕು ಬಿಡು." ಅವರ ಮಾತಿನಷ್ಟೇ ಅವರ ಮೌನವೂ ಊರಾಡಿತು. ಮಾತು ನನ್ನ ಪರವಾಗಿತ್ತು. ಈಗ ಮೌನವನ್ನು ಕೇಳಿ ಪಡೆದವನೂ ನಾನೇ.

ನಾನು ಮುನೀಮರನ್ನು ಹಿಡಿದೆ. ಇಷ್ಟು ವರ್ಷ ನೆಲ ಗುಡಿಸಿದ್ದೇನೆ, ಒಮ್ಮೆ ನಾಲ್ಕು ಮಾತು ಆಡಲು ಬಿಡ್ರಿ ಎಂದೆ. ಮುದುಕರು ಗದ್ದ ಕೆರೆದುಕೊಂಡರು.

"ಹಾಡಿನ ನಡುವ ಬ್ಯಾಡ. ಎಲ್ಲಾ ಮುಗದ ಮ್ಯಾಲೆ ಏನರೆ ಮಾಡ್ಕೋ. ಆಗ ಅದು ಬೈಠಕ್ಕಲ್ಲ, ಬರೇ ತಳಘರ."

ನನಗೆ ಅದೇ ಬೇಕಾಗಿತ್ತು. ಎಲ್ಲ ಮುಗಿದ ಮೇಲೆ ಎಂದರೆ ಎಲ್ಲರೂ ಇರುತ್ತಾರೆ, ತಡವಾಗಿ ಬಂದವರೂ ಸೇರಿ. ಲೆಕ್ಕ ಸರಿಯಾಗಿಯೇ ಇತ್ತು. ಮಾತನ್ನು ಅರಳೆ ಹಿಂಜುತ್ತ ಹಿಂಜುತ್ತ ಬಾಯಿಪಾಠ ಮಾಡಿದೆ. ಆ ದಿನ ಹೊಸ ಅಂಗಿ ಹಾಕಿದೆ. ಹಾಡು ತುಂಬ ಕೂಡಿ ಬಂತು. ಕಡೆಗೆ ಭೈರವಿ ಸುರುವಾಯಿತು. ಬೈಠಕ್ಕು ಯಾವುದೇ ಇರಲಿ, ಮುಗಿಯುವುದು ಭೈರವಿಯಿಂದ. ಭೈರವಿ ಆದಮೇಲೆ ಇನ್ನೊಂದು ರಾಗ ಹಾಡುವ ಪದ್ಧತಿ ಇಲ್ಲ ಎಂಬುದು ನನಗೂ ಗೊತ್ತಿತ್ತು. ರಾಗಕ್ಕಷ್ಟೇ ಆ ಪದ್ಧತಿ ಎಂದುಕೊಂಡಿದ್ದೆ.

ಭೈರವಿ ಮುಗಿಯಿತು. ಹಾಡುಗಾರರು ಕೈ ಮುಗಿದರು. ಮಂದಿ ಎದ್ದರು. ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಕಿವಿಯಲ್ಲಿದ್ದದ್ದು ಚೆಲ್ಲೀತು ಎಂಬಂತೆ ತಲೆ ಅಲುಗಿಸದೆ, ನೆಲ ನೋಡುತ್ತ ಮೆಟ್ಟಿಲ ಕಡೆ ನಡೆದರು. ನಾನು ಗಾದಿಯ ಪಕ್ಕ ನಿಂತು, "ಬಂಧುಗಳೇ" ಎಂದೆ. ಒಬ್ಬಿಬ್ಬರು ತಿರುಗಿ ನೋಡಿದರು, ಗುಡಿಯೊಳಗೆ ಯಾರೋ ಸೀನಿದಂತೆ. ರೇಲ್ವೆಯವನೊಬ್ಬ, "ಏ, ಈಗ ಬ್ಯಾಡೋ ಮಾರಾಯಾ!" ಎಂದು ಕೈ ಮುಗಿದು ಹೋದ. ಬುಟ್ಟಿಯಲ್ಲಿನ ಕಡ್ಡಿಪೆಟ್ಟಿಗೆಗಳನ್ನು ಕೊಡುವವರಿಲ್ಲದೆ ಅವರವರೇ ಎತ್ತಿಕೊಂಡರು. ಹಾಡುಗಾರರನ್ನು ಕರೆದುಕೊಂಡು ಮುನೀಮರೂ ಮೇಲೆ ಹೋದರು.

ಕಂಬದ ಹತ್ತಿರ ಕಾಕಾ ಒಬ್ಬರೇ ಕೂತಿದ್ದರು.

ಸುರು ಮಾಡಿದ ಮಾತನ್ನು ನಡುವೆ ಬಿಡುವ ಜಾತಿ ನನ್ನದಲ್ಲ. ಅದು ಅವರ ಜಾತಿ. ಇಡೀ ಭಾಷಣ ಮಾಡಿದೆ. ನಳ ಹೇಳಿದೆ, ಗಟಾರು ಹೇಳಿದೆ, ಅಪ್ಪನ ಕೈ ಹೇಳಿದೆ, ಕತ್ತರಿಯನ್ನೂ ಹೇಳಿದೆ. ಅವರು ಹಾಡು ಕೇಳುವಂತೆಯೇ ಕೇಳಿದರು, ಕಲ್ಲಾಗಿ. ಮುಗಿದ ಮೇಲೆ ತಡೆಯಲಾಗದೆ ಕೇಳಿದೆ:

"ಹೆಂಗಾತ್ರಿ ಕಾಕಾ?"

ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸುಮ್ಮನಿರುತ್ತೇನೆಂದು ಮಾತು ಕೊಟ್ಟಿದ್ದರಲ್ಲ. ಆಮೇಲೆ ಎದ್ದು, ಎಂದೂ ಇಲ್ಲದ್ದು, ಜಮಖಾನೆಯ ಇನ್ನೊಂದು ತುದಿ ಹಿಡಿದು ನನ್ನೊಡನೆ ಸುತ್ತಿದರು. ಸುತ್ತಲು ಬರುತ್ತಿರಲಿಲ್ಲ, ಅವರ ಕಡೆಯದು ಸೊಟ್ಟಗಾಯಿತು.

ಸೋತೆ. ಕಾಳಿನ ವ್ಯಾಪಾರಿಯ ಅಳಿಯ ಗೆದ್ದ.

ಆಮೇಲೆ ವಖಾರಿ ಮಾರಾಟವಾಯಿತು, ತಳಘರಕ್ಕೆ ಹೊಸ ಮಾಲಕರ ಕೀಲಿ ಬಿತ್ತು, ಕಾಕಾ ಅಮ್ಮಿನಬಾವಿಗೆ ಹಿಂತಿರುಗಿದರು. ಹೋಗುವಾಗ ಅಂಗಡಿಗೆ ಬಂದು, "ಒಂದು ಗಾದಿ ಮಾಡಿ ಕೊಡೋ ತಮ್ಮಾ" ಎಂದರು. ನಾನು ಕೈಯಾರೆ ಅರಳೆ ಆರಿಸಿದೆ, ಕೈಯಾರೆ ಹೊಲಿದೆ, ಚಕ್ಕಡಿಯಲ್ಲಿ ಹಾಕಿ ಕಳಿಸಿದೆ. ಕಡೆಗೂ ನನ್ನ ಗಾದಿಯ ಮೇಲೆ ಕೂರುತ್ತಾರೆ ಎಂದು ಎದೆ ಉಬ್ಬಿತು. ಅದಾಗಿ ಮೂರು ವರ್ಷವೂ ಆಗಲಿಲ್ಲ, ತೀರಿಕೊಂಡರೆಂದು ಸುದ್ದಿ ಬಂತು. ಬಸ್ಸು ಹತ್ತಿ ಹೋದೆ. ಪಡಸಾಲೆಯಲ್ಲಿ ಗಾದಿ ಹಾಸಿಯೇ ಇತ್ತು. ಅವರ ಅಣ್ಣನ ಹೆಂಡತಿ ನನ್ನನ್ನು ಅದರ ಮೇಲೇ ಕೂರಿಸಿದರು.

"ನೀವಽ ಏನ್ರಿ ಹುಬ್ಬಳ್ಳಿ ಗಾದಿಯವ್ರು? ನಮ್ಮ ಮೈದುನಾ ಇದರ ಮ್ಯಾಲೆ ಒಂದು ದಿನಾ ಮಲಗಲಿಲ್ಲ ನೋಡ್ರಿ. ಬಂದಾವ್ರನ್ನ ಕುಂದರ್ಸಾಂವ, ತಾ ನೆಲಕ್ಕ ಕುಂದ್ರಾಂವ. ಕುಂದರ್ಸಿ, ಇದನ್ನ ಹೊಲದಾಂವ ಎಂಥಾ ಮನಶ್ಯಾ ಅಂತ ಹೇಳ್ಕೋತ ಇರಾಂವ. ಆ ಕತ್ತರಿ ಕಥಿ ನಮ್ಮೂರಾಗ ಎಲ್ಲಾರಿಗೂ ಬರ್ತೈತ್ರಿ."

ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು ಒಳಗೆ ಬಂದು, ನಾನೇ ಅವನೆಂದು ತಿಳಿದ ಮೇಲೂ, ಕಥೆಯನ್ನು ಮೊದಲಿಂದ ನನಗೇ ಹೇಳಿದರು. "ಸೊಂಟದಾಗಿನ ಕತ್ತರಿ ಹಿರದ, ಮಂದಿ ಹಾಂ ಹಾಂ ಅನ್ನೂದ್ರಾಗ..." ಎಂದು ಅಲ್ಲಿಗೇ ನಿಲ್ಲಿಸಿ, ಬೆರಳೆತ್ತಿ, ನನ್ನ ಮಾರಿ ನೋಡಿದರು. ಬೆರಳೆತ್ತುವುದನ್ನೂ ಕಾಕಾ ಕಲಿಸಿ ಹೋಗಿದ್ದರು. ನನಗೆ ಗೊತ್ತಿದ್ದ ಕಥೆ, ನನ್ನದೇ ಕಥೆ. ಆದರೂ ಬಾಯಿಂದ ಬಂದೇಬಿಟ್ಟಿತು:

"ಮುಂದ?"

ಈಗ ನನ್ನ ಹತ್ತಿರ ಇರುವುದು ಇಷ್ಟು. ಕಮರಿಪೇಟೆಯಲ್ಲಿ ಒಂದು ಅಂಗಡಿ. ಅರಳೆ ಹಿಂಜುವ ಯಂತ್ರ ಎರಡು. ಮೂರು ಮಕ್ಕಳು, ಮೂವರೂ ಮ್ಯಾಟ್ರಿಕ್ ದಾಟಿದವರು. ಹಳೆಯ ಕತ್ತರಿ ಒಂದು, ಇನ್ನೂ ಹರಿತ ಇದೆ. ಒಂದು ಗೆಲುವು, ಅದು ಕಾಕಾನದು. ಒಂದು ಸೋಲು, ಅದು ನನ್ನದು. ಓಣಿಯ ಕೊನೆಗೆ ಒಂದು ನಳ. ನೀರು ದಿನ ಬಿಟ್ಟು ದಿನ ಬರುತ್ತದೆ.